ಕಾಲಿನ ಹುಣ್ಣು, ಎದೆಯ ಮದ್ದು

ಸೊರಬದ ಕಡೆಯ ಜಡೆ ಊರಿನಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ನಾನು ನನ್ನ ಮಾವನವರ ಮುಖ ನೋಡಿದ್ದಕ್ಕಿಂತ ಪಾದ ನೋಡಿದ್ದೇ ಹೆಚ್ಚು. ಸೊಸೆಯಾದವಳು ಮಾವನ ಎದುರು ತಲೆ ಎತ್ತಿ ನಿಲ್ಲಬಾರದೆಂಬ ಕಟ್ಟಳೆ ಆ ಮನೆಯಲ್ಲಿ ಬಿಗಿಯಾಗಿತ್ತು. ತಲೆ ತಗ್ಗಿಸಿದವಳ ಕಣ್ಣಿಗೆ ಪಾದವಲ್ಲದೆ ಇನ್ನೇನು ಬೀಳುತ್ತದೆ? ಬೆಳಿಗ್ಗೆ ಕಾಫಿ ಕೊಡುವಾಗ ಪಾದ, ಮಧ್ಯಾಹ್ನ ಬಡಿಸುವಾಗ ಪಾದ, ಹಬ್ಬ ಬಂದರೆ ಅದೇ ಪಾದಕ್ಕೆ ನಮಸ್ಕಾರ. ಹೀಗಾಗಿ ಆ ಪಾದಗಳು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತವೆ, ಚಪ್ಪಲಿಯ ಬಾರು ಅವುಗಳ ಮೇಲೆ ಗೆರೆ ಬಿಟ್ಟಿರುತ್ತದೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ದೊಡ್ಡ ಮನುಷ್ಯರ ಕಾಲು ದೊಡ್ಡದಾಗಿಯೇ ಇರಬೇಕೇನೋ ಅಂದುಕೊಂಡು ಸುಮ್ಮನಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮಾವನವರದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೊಂದು ಪರದೆ. ಹೆಂಗಸರು ಆ ಪರದೆ ದಾಟುವಂತಿರಲಿಲ್ಲ. ಹೋಟೆಲಿನಲ್ಲಿ ಬೇಯಿಸುವುದು, ಕರಿಯುವುದು, ಬಡಿಸುವುದು ಎಲ್ಲ ಗಂಡಸರ ಕೆಲಸ. ನಮ್ಮ ಪಾಲಿಗೆ ಬಂದದ್ದು ಅದರ ಹೊಗೆ ಮಾತ್ರ. ನನ್ನ ಗಂಡ ಗಲ್ಲಾದ ಮೇಲೆ ಕೂರುತ್ತಿದ್ದರು. ಮಾವನವರು ಒಲೆಯ ಮುಂದೆ ನಿಲ್ಲುತ್ತಿದ್ದರು. ಸಾಂಬಾರಿನಿಂದ ಹಿಡಿದು ಚಟ್ನಿಯವರೆಗೆ ಏನೇ ಇಳಿಯಲಿ, ಮೊದಲು ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೀಟು ಉಪ್ಪು" ಎನ್ನುತ್ತಿದ್ದರು. ಈ "ಇನ್ನೀಟು" ಎಂಬುದು ಅವರ ಬಾಯಿಂದ ದೇವರ ಹೆಸರಿಗಿಂತ ಹೆಚ್ಚು ಸಲ ಬರುತ್ತಿತ್ತು. ಊಟಕ್ಕೆ ಕೂತರೆ ಎಲೆಯ ತುದಿಯಲ್ಲಿ ಉಪ್ಪಿನ ಗುಡ್ಡೆ, ಪಕ್ಕದಲ್ಲಿ ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆಗೆ ಹಾಕಿಕೊಳ್ಳಲು ಮತ್ತೆ ಉಪ್ಪು. ಸಮುದ್ರದ ದಡದಲ್ಲಿ ಹುಟ್ಟಬೇಕಾಗಿದ್ದ ಮನುಷ್ಯ ದಾರಿ ತಪ್ಪಿ ನಮ್ಮ ಕಡೆ ಹುಟ್ಟಿದ್ದರು.

ಗಾಯವಾದದ್ದು ಸೌದೆ ಒಡೆಯುವಾಗ. ಆ ದಿನ ಸೌದೆ ಒಡೆಯುವ ಆಳು ಬಂದಿರಲಿಲ್ಲ. ಮಾವನವರು ತಾವೇ ಕೊಡಲಿ ಎತ್ತಿಕೊಂಡರು. ಒಂದು ಸೀಳು ಹಾರಿ ಬಂದು ಎಡಗಾಲಿನ ಹರಡಿನ ಗಂಟಿನ ಮೇಲುಗಡೆ ತಗುಲಿತು. ಹುಣಸೆಬೀಜದಷ್ಟು ಗಾಯ. ಅದರ ಮೇಲೆ ಕಾಫಿಪುಡಿ ಒತ್ತಿ ಮತ್ತೆ ಒಲೆಯ ಮುಂದೆ ನಿಂತರು. ಅವರ ಇಡೀ ವೈದ್ಯಶಾಸ್ತ್ರ ಕಾಫಿಪುಡಿಯಲ್ಲಿ ಶುರುವಾಗಿ ಕಾಫಿಪುಡಿಯಲ್ಲೇ ಮುಗಿಯುತ್ತಿತ್ತು.

ಆದರೆ ಗಾಯ ಒಣಗಲಿಲ್ಲ. ಒಣಗುವ ಬದಲು ಅಗಲವಾಯಿತು. ಹುಣಸೆಬೀಜ ಹೋಗಿ ಚಕ್ಕುಲಿಯಾಯಿತು, ಚಕ್ಕುಲಿ ಹೋಗಿ ವಡೆಯಾಯಿತು. ಹೋಟೆಲಿನ ಮನೆಯಲ್ಲಿ ಅಳತೆಗೆ ಬೇರೆ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ. ಆ ವರ್ಷದಿಂದ ನನಗೆ ವಡೆ ಸೇರುವುದಿಲ್ಲ. ಸುತ್ತಲಿನ ಚರ್ಮ ಕಪ್ಪಗಾಗಿ ಬಿಗಿಯಿತು. ಹುಣ್ಣಿನಿಂದ ಸದಾ ನೀರು ಜಿನುಗುತ್ತಿತ್ತು. ಪಂಚೆ ಒದ್ದೆಯಾಗಿ ಅಂಟಿಕೊಳ್ಳುತ್ತಿತ್ತು.

ಅದನ್ನು ತೊಳೆದು ಕಟ್ಟುವವರು ಯಾರು ಎನ್ನುವ ಪ್ರಶ್ನೆ ಬಂತು. ನನ್ನ ಅತ್ತೆ ಬಹಳ ಗಟ್ಟಿ ಹೆಂಗಸು. ಹಾವು ಬಂದರೆ ಪೊರಕೆಯಲ್ಲಿ ಹೊಡೆಯುವವರು. ಆದರೆ ಕೀವು ಕಂಡರೆ ಮಾತ್ರ ಗೋಡೆ ಹಿಡಿದು ಕುಸಿಯುತ್ತಿದ್ದರು. ನನ್ನ ಗಂಡನಿಗೆ ವಾಸನೆ ತಡೆಯಲು ಆಗುತ್ತಿರಲಿಲ್ಲ. ಅಡುಗೆಯವರು ಮುಟ್ಟಿದರೆ ಗಿರಾಕಿಗಳು ಹೋಟೆಲಿಗೆ ಬರುವುದಿಲ್ಲ. ಉಳಿದದ್ದು ಸೊಸೆ. ಮುಖ ಎತ್ತಿ ನೋಡಬಾರದ ಮಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣು ತೊಳೆಯುವುದಕ್ಕೆ ಯಾವ ಕಟ್ಟಳೆಯೂ ಅಡ್ಡ ಬರಲಿಲ್ಲ. ಕಟ್ಟಳೆಗಳಿಗೆ ಅವುಗಳದೇ ಆದ ವಿವೇಚನೆ ಇರುತ್ತದೆ, ಕಷ್ಟದ ಕೆಲಸ ಬಂದಾಗ ಸ್ವಲ್ಪ ಹೊತ್ತು ಆಚೆ ಹೋಗಿ ನಿಲ್ಲುತ್ತವೆ.

ಮಾವನವರಿಗೂ ಸಂಕೋಚವೇ. ನಾನು ಬಿಸಿನೀರಿನ ಬೋಗುಣಿ ತಂದಿಟ್ಟರೆ ಅವರು ಮಾಡಿನ ಹೆಂಚು ಎಣಿಸುತ್ತ ಕೂರುತ್ತಿದ್ದರು. ನಾನು ಹುಣ್ಣು ನೋಡುತ್ತ ಕೂರುತ್ತಿದ್ದೆ. ಹಳೆಯ ಪಂಚೆಯನ್ನು ಕುದಿಸಿ ಒಣಗಿಸಿ ಪಟ್ಟಿ ಹರಿದು ಕಟ್ಟುತ್ತಿದ್ದೆ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ನೋವಾದರೆ ಅವರು ಅಡುಗೆಯವನನ್ನು ಬೈಯುತ್ತಿದ್ದರು. ಪರದೆಯ ಆಚೆ ಇದ್ದ ಆ ಪಾಪದವನಿಗೆ ತಾನು ಏನು ತಪ್ಪು ಮಾಡಿದೆನೆಂಬುದು ಎಂದೂ ತಿಳಿಯಲಿಲ್ಲ.

ಹೋಟೆಲಿನ ಮಾಲೀಕನ ಕಾಲಿಗೆ ಹುಣ್ಣಾದರೆ ಊರಿಗೆ ಊರೇ ವೈದ್ಯನಾಗುತ್ತದೆ. ಒಂದು ಚಹಾ ಕುಡಿಯಲು ಬಂದವನು ಎರಡು ಮದ್ದು ಹೇಳಿ ಹೋಗುತ್ತಿದ್ದ. ಒಬ್ಬ ಬೇವಿನೆಲೆ ಅಂದ, ಒಬ್ಬ ಹಳೆಯ ತುಪ್ಪ ಅಂದ, ಒಬ್ಬ ಸುಣ್ಣ ಬೆಲ್ಲ ಅಂದ. ಎಲ್ಲವನ್ನೂ ಹಚ್ಚಿದೆವು. ಹುಣ್ಣು ಎಲ್ಲವನ್ನೂ ತಿಂದಿತು. ಕಾಂಪೌಂಡರ್ ಒಬ್ಬರು ನೇರಳೆ ಬಣ್ಣದ ನೀರು ಹಚ್ಚಿ ಪೆನ್ಸಿಲಿನ್ ಸೂಜಿ ಚುಚ್ಚಿದರು. ಕೀವು ಕಡಿಮೆಯಾಯಿತು, ಹುಣ್ಣು ಅಲ್ಲೇ ಕೂತಿತು. ಬಳ್ಳಿಗಾವಿಯಿಂದ ಬಂದ ಒಬ್ಬರು, ಇದು ನಾಗನ ಸಿಟ್ಟು, ಸೌದೆಯ ಮರದ ಬುಡದಲ್ಲಿ ಹುತ್ತ ಇದ್ದಿರಬೇಕು ಅಂದರು. ಅತ್ತೆ ಪೂಜೆ ಮಾಡಿಸಿದರು, ಹಾಲೆರೆದರು. ಆಮೇಲೆ ಅವರಿಗೇ ಒಂದು ಅನುಮಾನ ಬಂದು ನನ್ನನ್ನು ಕೇಳಿದರು: ಪೊರಕೆಯಲ್ಲಿ ಹೊಡೆದ ಹಾವುಗಳೂ ಲೆಕ್ಕಕ್ಕೆ ಬರ್ತಾವೇನೋ. ಹಾಗಿದ್ದರೆ ಹುಣ್ಣು ನಿಮಗಾಗಬೇಕಿತ್ತಲ್ಲ ಎಂದು ನಾನು ಹೇಳಲಿಲ್ಲ, ಅಂದುಕೊಂಡೆ.

ಈ ನಡುವೆ ಇನ್ನೊಂದು ಬದಲಾವಣೆ ನಡೆದಿತ್ತು, ಅದಕ್ಕೆ ಯಾರೂ ಮದ್ದು ಹೇಳಲಿಲ್ಲ. ಮಾವನವರು ಮಲಗಿದರೆ ಕೆಮ್ಮು ಬರುತ್ತಿತ್ತು. ದಿಂಬಿನ ಮೇಲೆ ದಿಂಬು ಪೇರಿಸಿ ಕೂತಂತೆಯೇ ಮಲಗುತ್ತಿದ್ದರು. ಬಾವಿಯಿಂದ ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಕೇಳಿದರೆ ಒಲೆಯ ಹೊಗೆ ಎನ್ನುತ್ತಿದ್ದರು. ನಮಗೂ ಸರಿಯೆನಿಸಿತು.

ಊರಿಗೆ ಹೊಸದಾಗಿ ಒಬ್ಬರು ಡಾಕ್ಟರು ಬಂದಿದ್ದರು. ಮೈಸೂರು ಕಡೆಯವರು, ತೆಳ್ಳಗೆ, ಮೂಗಿನ ತುದಿಗೆ ಕನ್ನಡಕ. ಬೆಳಿಗ್ಗೆ ನಮ್ಮ ಹೋಟೆಲಿಗೇ ತಿಂಡಿಗೆ ಬರುತ್ತಿದ್ದರು. ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚಾಯಿತೆಂದು ದೂರಿದ ಮೊದಲ ಗಿರಾಕಿ ಅವರೇ. ಮಾವನವರಿಗೆ ಅಂದಿನಿಂದ ಅವರ ಮೇಲೆ ಒಳಗೊಳಗೇ ಕೋಪ. ಆದರೂ ನನ್ನ ಗಂಡ ಒಂದು ದಿನ ಧೈರ್ಯ ಮಾಡಿ ಅವರನ್ನು ಹಿಂದಿನ ಮನೆಗೆ ಕರೆತಂದರು.

ಡಾಕ್ಟರು ಹುಣ್ಣನ್ನು ನೋಡಿದ್ದು ಒಂದು ಗಳಿಗೆ. ಆಮೇಲೆ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಲು ಶುರು ಮಾಡಿದರು. ಕುತ್ತಿಗೆಯ ನರ ನೋಡಿದರು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಎದೆಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಾಲು ತೋರಿಸಿದರೆ ಇವನೇನು ಊರೆಲ್ಲ ಸುತ್ತುತ್ತಾನೆ ಎನ್ನುವ ಮುಖ ಮಾಡಿಕೊಂಡು ಮಾವನವರು ಕೂತಿದ್ದರು. ಉಸಿರು ಕಟ್ಟುತ್ತದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಅಂದರು. ಮಲಗಿದರೆ ಕೆಮ್ಮು ಬರುತ್ತದೆಯೇ? ಇಲ್ಲ. ನಿದ್ದೆ ಚೆನ್ನಾಗಿ ಬರುತ್ತದೆಯೇ? ಎಮ್ಮೆ ಮಲಗಿದಂಗೆ ಮಲಗ್ತೀನಿ ಅಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಏನಾಯಿತೋ ಗೊತ್ತಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಮಲಗಕ್ಕೇ ಆಗಲ್ಲ ಅವರಿಗೆ. ಕೂತ್ಕಂಡೇ ನಿದ್ದೆ ಮಾಡ್ತಾರೆ."

ಅತ್ತೆ ನನ್ನತ್ತ ತಿರುಗಿದ ರೀತಿ ನೋಡಿದರೆ ಪೊರಕೆ ಎಲ್ಲಿದೆ ಎಂದು ಹುಡುಕುತ್ತಿದ್ದಂತಿತ್ತು. ಡಾಕ್ಟರು ಮಾತ್ರ ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡು, ಮಾತಾಡಿದವರು ಈಚೆ ಬನ್ನಿ ತಾಯಿ ಅಂದರು. ಹೋದೆ. ಗಾಯ ಕಟ್ಟುವವಳು ನಾನೇ ಎಂದು ತಿಳಿದ ಮೇಲೆ ಅವರು ಮಾವನವರ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳನ್ನು ಒತ್ತಿ ಹಿಡಿದು ಬಿಟ್ಟರು. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಒಂದು ಗುಳಿ ಬಿತ್ತು. ಬಿದ್ದದ್ದು ಹಾಗೇ ಇತ್ತು.

"ಇದು ಮಾಂಸ ಅಲ್ಲ, ನೀರು," ಅಂದರು. "ಇವರ ಹೃದಯ ದಣಿದಿದೆ. ರಕ್ತವನ್ನ ಸರಿಯಾಗಿ ತಳ್ಳೋಕಾಗ್ತಿಲ್ಲ. ಹೋದ ರಕ್ತ ವಾಪಸ್ ಮೇಲಕ್ಕೆ ಬರೋದೂ ನಿಧಾನ, ಅದಕ್ಕೇ ನೀರೆಲ್ಲ ಕಾಲಲ್ಲಿ ನಿಂತ್ಕೊಂಡಿದೆ. ಗಾಯ ಕೂಡಬೇಕು ಅಂದ್ರೆ ಅಲ್ಲಿಗೆ ಒಳ್ಳೇ ರಕ್ತ ಬರ್ಬೇಕು. ನೀರು ನಿಂತಿರೋ ಕಡೆ ಅದು ಹೇಗೆ ಬರುತ್ತೆ? ಕಾಲಿಗೆ ನೀವು ಏನು ಹಚ್ಚಿದ್ರೂ ಅಷ್ಟೆ. ಮದ್ದು ಬೇಕಾಗಿರೋದು ಎದೆಗೆ."

ಮದ್ದಿನ ಕ್ರಮವನ್ನೂ ಅವರೇ ಹೇಳಿದರು. ಹೃದಯಕ್ಕೆ ಒಂದು ಸಣ್ಣ ಮಾತ್ರೆ. ಮೈಯ ನೀರು ಇಳಿಯಲು ಆಗಾಗ ಒಂದು ಇಂಜೆಕ್ಷನ್. ಒಲೆಯ ಮುಂದೆ ನಿಲ್ಲುವಂತಿಲ್ಲ, ಕಾಲು ಎತ್ತರದಲ್ಲಿಟ್ಟು ಕೂರಬೇಕು. ಹುಣ್ಣಿಗೆ ಉಗುರುಬೆಚ್ಚಗಿನ ನೀರು ಮತ್ತು ಶುದ್ಧವಾದ ಬಟ್ಟೆ ಬಿಟ್ಟರೆ ಬೇರೇನೂ ಬೇಡ. ಕೊನೆಗೆ ಕನ್ನಡಕ ಮೇಲಕ್ಕೆ ತಳ್ಳಿಕೊಂಡು, ಉಪ್ಪು ಪೂರ್ತಿ ಬಿಡಬೇಕು, ಉಪ್ಪಿದ್ದಲ್ಲಿ ನೀರು ನಿಲ್ಲುತ್ತದೆ ಅಂದರು.

ಡಾಕ್ಟರು ಹೋದ ಮೇಲೆ ಮಾವನವರು ಸಿಡಿದರು. ಹೃದಯ ಕೆಟ್ಟಿದೆ ಅಂದದ್ದಕ್ಕೆ ಭಯವಾದದ್ದಲ್ಲ, ಅವಮಾನವಾದದ್ದು. ಅವರ ಮಟ್ಟಿಗೆ ಎದೆ ಎಂದರೆ ಒಂದು ಅಂಗವಲ್ಲ, ಒಂದು ಬಿರುದು. ನಮ್ಮ ಕಡೆ ಗಂಡಸನ್ನು ಹೊಗಳುವಾಗ ಎದೆಗಾರ ಅನ್ನುತ್ತೇವೆ. ಅಂಥ ಎದೆಯನ್ನು ನಿನ್ನೆ ಮೊನ್ನೆ ಬಂದ ಕನ್ನಡಕದವನು ದಣಿದಿದೆ ಅನ್ನುವುದೆಂದರೇನು?

"ನನ್ನ ಎದಿ ವಿಚಾರ ಮಾತಾಡಾಕ ಇಂವ ಯಾರ್ ಅಂತೀನಿ," ಅಂದರು ಅತ್ತೆಯ ಕಡೆ ತಿರುಗಿ. "ಕುಸ್ತಿ ಅಖಾಡದಾಗ ನಿಂತಾಂವ ನಾನು. ಕಾಲ್ ತೋರ್ಸಿದ್ರ ಎದಿ ಹಿಡೀತಾನ. ನಾಳೆ ಹಲ್ ನೋವಂತ ಹೋದ್ರ ಜುಟ್ಟು ಕತ್ತರಿಸ್ತಾನೇನು?"

ಅತ್ತೆ ಹೂಂಗುಟ್ಟಿದರು. ಆದರೆ ಆ ಸಂಜೆಯಿಂದಲೇ ಮಾವನವರಿಗೆ ಉಪ್ಪಿಲ್ಲದ ಬೇರೆ ಸಾರು ಕುದಿಯಿತು. ಅತ್ತೆ ಗಂಡನ ಮಾತಿಗೆ ಹೂಂ ಅನ್ನುತ್ತಿದ್ದುದು ಮಾತು ಬೇಗ ಮುಗಿಯಲಿ ಎಂದು.

ಮೊದಲ ಇಂಜೆಕ್ಷನ್ ಕೊಟ್ಟ ದಿನ ಮಾವನವರು ಹಿತ್ತಲಿಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಒಂದು ಸ್ಟೂಲನ್ನು ಅಲ್ಲೇ ಹಾಕಿಸಿಕೊಂಡರು. ಮೈಯಲ್ಲಿದ್ದ ನೀರು ಅಷ್ಟೂ ದಾರಿ ಹುಡುಕಿಕೊಂಡು ಹೊರಟಿತ್ತು. ಸಂಜೆಗೆ ಸುಸ್ತಾಗಿ ಬಂದು ಕೂತವರು, ಇವನು ಡಾಕ್ಟರಲ್ಲ, ಕೆರೆಯ ತೂಬು ತೆಗೆಯುವವನು ಅಂದರು. ಆದರೆ ಆ ದಿನ ಅವರಿಗೆ ಕೆಮ್ಮಿಲ್ಲದೆ ನಿದ್ದೆ ಬಂತು. ಪೇರಿಸಿದ ದಿಂಬುಗಳಲ್ಲಿ ಒಂದು ಕಡಿಮೆಯಾಯಿತು. ನಾನು ಕಾಲು ತೊಳೆಯುವಾಗ ಹಿಂದೆಂದೂ ಕಾಣದಿದ್ದ ಹರಡಿನ ಮೂಳೆ ಕಂಡಿತು. ಮಾವನವರಿಗೂ ಹರಡಿನ ಮೂಳೆ ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಹುಣ್ಣೂ ಬದಲಾಗತೊಡಗಿತು. ಬೂದು ಬಣ್ಣ ಹೋಗಿ ಕೆಂಪಗಾಯಿತು. ಜಿನುಗುವುದು ಕಡಿಮೆಯಾಯಿತು. ಅಂಚಿನಿಂದ ತೆಳುವಾದ ಗುಲಾಬಿ ಚರ್ಮ ಒಳಕ್ಕೆ ಹಬ್ಬಲು ಶುರುವಾಯಿತು. ನಾನು ಅದನ್ನು ನೋಡಲೆಂದೇ ಬೇಗ ಬೇಗ ಕೆಲಸ ಮುಗಿಸಿ ಬೋಗುಣಿ ಹಿಡಿದು ಓಡುತ್ತಿದ್ದೆ. ಹೊಸ ಸೊಸೆ ಖುಷಿಪಡಲು ಆ ಮನೆಯಲ್ಲಿ ಬೇರೆ ಏನೂ ಇರಲಿಲ್ಲ ಎಂದೂ ಹೇಳಬಹುದು.

ಆಮೇಲೆ ಅದು ನಿಂತುಬಿಟ್ಟಿತು. ಚರ್ಮ ಮುಂದಕ್ಕೆ ಬರಲಿಲ್ಲ. ಹರಡಿನ ಮೂಳೆ ಮತ್ತೆ ಕಾಣೆಯಾಯಿತು. ಹೆಬ್ಬೆರಳು ಒತ್ತಿದೆ, ಗುಳಿ ಬಿತ್ತು. ಇನ್ನಷ್ಟು ಮೇಲೆ ಒತ್ತಿದೆ, ಅಲ್ಲೂ ಬಿತ್ತು. ಮನೆಯಲ್ಲಿ ಉಪ್ಪಿಲ್ಲದ ಸಾರೇ ಬಡಿಸುತ್ತಿದ್ದೆವು. ಅವರು ಔಷಧಿ ಕುಡಿಯುವಂತೆ ಮುಖ ಮಾಡಿಕೊಂಡು ಅದನ್ನೇ ಉಣ್ಣುತ್ತಿದ್ದರು. ಹಾಗಾದರೆ ಉಪ್ಪು ಎಲ್ಲಿಂದ ಬಂತು? ಪರದೆ ಸ್ವಲ್ಪ ಸರಿಸಿ ಹೋಟೆಲಿನ ಕಡೆ ನೋಡಿದೆ. ಮಾವನವರು ಡಾಕ್ಟರು ಹೇಳಿದಂತೆಯೇ ಕಾಲನ್ನು ಬೆಂಚಿನ ಮೇಲೆ ಚಾಚಿ ಕೂತಿದ್ದರು. ಅಡುಗೆಯವನು ಒಂದೊಂದೇ ಪಾತ್ರೆ ಅವರ ಬಳಿಗೆ ತರುತ್ತಿದ್ದ. ಅವರು ಅಂಗೈ ಒಡ್ಡುತ್ತಿದ್ದರು, ನೆಕ್ಕುತ್ತಿದ್ದರು, ಇನ್ನೀಟು ಎನ್ನುತ್ತಿದ್ದರು. ಸಾಂಬಾರು, ಚಟ್ನಿ, ಪಲ್ಯ, ಮೆಣಸಿನಕಾಯಿ ಬಜ್ಜಿಯ ಹಿಟ್ಟು. ಮಂಡಕ್ಕಿ ಕಲಸಿದವನೂ ಒಂದು ಹಿಡಿ ತಂದು ಸುರಿದ. ರುಚಿ ನೋಡುವ ನೆಪದಲ್ಲಿ ಒಂದು ಊಟದಷ್ಟು ಒಳಗೆ ಹೋಗುತ್ತಿತ್ತು.

ಮಧ್ಯಾಹ್ನ ಕಾಲು ತೊಳೆಯುವಾಗ ಉಪ್ಪು ತಿಂದಿರಾ ಎಂದು ಕೇಳಿದೆ. ನಾನು ಅವರೊಂದಿಗೆ ಆಡಿದ ಮೊದಲ ನೇರ ಮಾತು ಅದು. ಅವರು ಹೆಂಚು ನೋಡುತ್ತಲೇ, ಇಲ್ಲ, ತಿಂದಿಲ್ಲ ಅಂದರು.

"ನೀವು ತಿಂದಿಲ್ಲ ಅಂತೀರಿ. ಕಾಲು ತಿಂದಿದೀನಿ ಅಂತ ಹೇಳ್ತಾ ಅದೆ," ಅಂದೆ. ಹೇಳಿ ಒತ್ತಿ ತೋರಿಸಿದೆ.

ಅವರು ಹೆಂಚು ಬಿಟ್ಟು ಕಾಲು ನೋಡಿದರು. ಗುಳಿಯನ್ನು ನೋಡಿದರು. ನನ್ನನ್ನೂ ನೋಡಿದರು, ಬಹುಶಃ ಮೊದಲ ಸಲ. ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಪರದೆಯ ಆಚೆ ಅಡುಗೆಯವನೂ ಸಿದ್ಧನಾಗಿದ್ದಿರಬೇಕು.

"ರುಚಿ ನೋಡೂದು ತಿನ್ನೂದ್ರಾಗ ಬರ್ತೇತೇನಬೇ?" ಅಂದರು, ಸಣ್ಣ ದನಿಯಲ್ಲಿ.

ಬರುತ್ತದೆ ಅಂದೆ. ಹಾಗಿದ್ದರೆ ಹೋಟೆಲು ಮುಚ್ಚಬೇಕು ಅಂದರು. ಅಡುಗೆಯವನಿಗೆ ನಾಲಿಗೆ ಇಲ್ಲ, ನಿನ್ನ ಗಂಡನಿಗೆ ನಾಲಿಗೆ ಇದ್ದರೂ ಅದರಲ್ಲಿ ರುಚಿ ಇಲ್ಲ, ನಾನು ನೋಡದಿದ್ದರೆ ಗಿರಾಕಿ ಓಡಿಹೋಗುತ್ತಾರೆ ಎಂದು ವಿವರಿಸಿದರು. ಅದು ನಿಜವಾದ ಸಂಕಟ. ಹೋಟೆಲಿನವನು ರುಚಿ ನೋಡದೆ ಬದುಕುವುದಾದರೂ ಹೇಗೆ? ನಾನು ಪಟ್ಟಿ ಸುತ್ತುತ್ತ, ನನ್ನ ನಾಲಿಗೆ ಇದೆಯಲ್ಲ, ಬಟ್ಟಲಲ್ಲಿ ಹಿಂದಕ್ಕೆ ಕಳಿಸಿ, ನೋಡಿ ಹೇಳುತ್ತೇನೆ ಅಂದೆ. ಅವರು ನಕ್ಕರು. ಸೊರಬದ ಕಡೆಯವರ ನಾಲಿಗೆ ಬೆಲ್ಲದ ನಾಲಿಗೆ, ಅದಕ್ಕೆ ಖಾರ ತಿಳಿಯುವುದಿಲ್ಲ ಅಂದರು. ಆದರೆ ಮಾರನೆಯ ಬೆಳಿಗ್ಗೆ ಪರದೆಯ ಕೆಳಗಿನಿಂದ ಒಂದು ಬಟ್ಟಲು ಸಾಂಬಾರು ಒಳಕ್ಕೆ ಬಂತು.

ಹಾಗೆ ನಾನು ಹೋಟೆಲಿನ ನಾಲಿಗೆಯಾದೆ. ಮೊದಮೊದಲು ಏನಾದರೂ ಹೇಳಲು ಭಯ. ಆಮೇಲೆ ಬಾಯಿ ಬಂತು. ಸಾಂಬಾರಿಗೆ ಹುಣಸೆ ಕಡಿಮೆ ಮಾಡಿ, ಒಂಚೂರು ಬೆಲ್ಲ ಹಾಕಿ ಎಂದು ಹೇಳಿಕಳಿಸಿದೆ. ಚಟ್ನಿಗೆ ಕಾಯಿ ಹೆಚ್ಚು ಮಾಡಿಸಿದೆ. ಉಪ್ಪನ್ನು ಇಳಿಸಿದೆ. ಗಿರಾಕಿಗಳು ಗೊಣಗಿದರು. ಒಬ್ಬರು, ಏನ್ರೀ ಹೋಟ್ಲು ಸೊರಬಕ್ಕೆ ಹೋಗೇತೇನು ಎಂದು ನನ್ನ ಗಂಡನನ್ನು ಕೇಳಿದರಂತೆ. ಮಿರ್ಚಿಯ ಖಾರಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಅದಕ್ಕೆ ಕೈ ಹಾಕಿದ್ದರೆ ಶಿಕಾರಿಪುರದಲ್ಲಿ ಗಲಾಟೆಯಾಗುತ್ತಿತ್ತು. ಡಾಕ್ಟರು ಮಾತ್ರ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡರು ಎಂಬ ಸುದ್ದಿ ಒಳಕ್ಕೆ ಬಂತು.

ಈ ವ್ಯವಸ್ಥೆಯಲ್ಲಿ ಹುಣ್ಣು ಮತ್ತೆ ಮುಚ್ಚಲು ಶುರುವಾಗಿ ಬೆರಳ ಉಗುರಿನಷ್ಟು ಉಳಿಯಿತು. ಅಷ್ಟರಲ್ಲಿ ಜಡೆಯಲ್ಲಿ ನನ್ನ ತಂಗಿಯ ಮದುವೆ ಬಂತು.

ಬೀಗರು ಹೋಗದಿದ್ದರೆ ಮದುವೆಗೆ ಮರ್ಯಾದೆ ಇಲ್ಲ. ಡಾಕ್ಟರು ಹೋಗುವುದು ಬೇಡ ಅಂದರು. ಮಾವನವರು ಹೋಗುತ್ತೇನೆ ಅಂದರು. ಕೊನೆಗೆ ಮಾತ್ರೆ ತಪ್ಪಿಸದೆ, ಉಪ್ಪು ಮುಟ್ಟದೆ, ಕಾಲು ಜೋತುಬಿಡದೆ ಹೋಗಿ ಬರಬೇಕೆಂದು ಒಪ್ಪಂದವಾಯಿತು. ಬಸ್ಸಿನಲ್ಲಿ ಕಾಲು ಜೋತುಬಿಡದೆ ಕೂರಲು ಸಾಧ್ಯವಿದ್ದದ್ದು ಮೇಲೆ ಸಾಮಾನಿನ ಜೊತೆ ಮಲಗಿದವರಿಗೆ ಮಾತ್ರ ಎನ್ನುವುದು ಡಾಕ್ಟರಿಗೆ ತಿಳಿದಿರಲಿಲ್ಲ.

ನನ್ನ ಅಮ್ಮನಿಗೆ ಮೊದಲೇ ಹೇಳಿಕಳಿಸಿದ್ದೆ. ಅವಳು ಮಾವನವರಿಗೆಂದು ಬೇರೆ ಸಾರು, ಬೇರೆ ಪಲ್ಯ ಮಾಡಿಟ್ಟಿದ್ದಳು. ಪಂಕ್ತಿಯಲ್ಲಿ ಎಲೆ ಹಾಕಿ ಎಲ್ಲರೂ ಕೂತರು. ಬಡಿಸುವವರು ಮಾವನವರ ಎಲೆಯ ಹತ್ತಿರ ಬಂದಾಗ ದೊಡ್ಡ ಪಾತ್ರೆ ಬಿಟ್ಟು ಸಣ್ಣ ಪಾತ್ರೆಯಿಂದ ಬಡಿಸಿದರು. ಅವರ ಪಕ್ಕದಲ್ಲಿ ಶಿಕಾರಿಪುರದಿಂದಲೇ ಬಂದಿದ್ದ ಅವರ ದಾಯಾದಿಯೊಬ್ಬರು ಕೂತಿದ್ದರು. ಸಣ್ಣ ಪಾತ್ರೆ ಅವರ ಕಣ್ಣಿಗೆ ಬಿತ್ತು. ಬೆರಳಲ್ಲಿ ಮುಟ್ಟಿ ರುಚಿ ನೋಡಿದರು. ಉಪ್ಪಿಲ್ಲದ ಸಾರನ್ನು ಬೀಗರಿಗೆ ಬಡಿಸುತ್ತಾರೆಂದರೆ ಏನು ಅರ್ಥ ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೇಳಿದರು. ಉಣ್ಣುತ್ತಿದ್ದವರ ಕೈ ನಿಂತಿತು. ನನ್ನ ಅಪ್ಪನ ಮುಖ ಸುಣ್ಣವಾಯಿತು. ನಾನು ಒಳಗಿನಿಂದ ನೋಡುತ್ತಿದ್ದೆ. ಮಾವನವರು ತಮಗೆ ಕಾಯಿಲೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಮ್ಮ ಎದೆ ದಣಿದಿದೆ ಎಂದು ನಾಲ್ಕು ಊರಿನ ಗಂಡಸರ ಮುಂದೆ ಅವರು ಹೇಳಿಯಾರೆ?

ಅವರು ಹೇಳಲಿಲ್ಲ. ತಪ್ಪಾಗಿ ಬಂತು, ಆ ಪಾತ್ರೆ ಒಯ್ಯಿರಿ, ಈ ಕಡೆಯದು ಬಡಿಸಿರಿ ಅಂದರು. ಬಡಿಸಿದ್ದನ್ನು ಉಂಡರು. ಮಾವಿನ ಮಿಡಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ಹಪ್ಪಳ ಮುರಿದರು. ಉಪ್ಪು ಹುಳಿ ಮುಂದಾದ ಮಾವಿನಕಾಯಿ ಅಪ್ಪೆಹುಳಿಯನ್ನು ಲೋಟದಲ್ಲಿ ತರಿಸಿ ಕುಡಿದರು. ಬೀಗರು ಸಂತೋಷವಾಗಿ ಉಂಡರೆಂದು ಚಪ್ಪರ ಮತ್ತೆ ಗಲಗಲ ಎಂದಿತು. ಆಮೇಲೆ ನಾನು ಸಿಟ್ಟಾದಾಗ, ನಿಮ್ಮಪ್ಪನ ಮರ್ಯಾದೆ ಉಳಿಸಲು ತಿಂದೆ ಅಂದರು. ಅದು ನಿಜವೇ. ಆದರೆ ಮರ್ಯಾದೆ ಉಳಿಸಲು ಒಂದು ಮಿಡಿ ಸಾಕಿತ್ತು. ಅವರು ಭರಣಿಯ ತಳ ಕಾಣುವವರೆಗೂ ಉಳಿಸಿದ್ದರು.

ಅದು ಸಾಲದೆಂಬಂತೆ ನನ್ನ ಅಜ್ಜಿ ಕಾಲು ನೋಡಿದಳು. "ಎಂತ ಡಾಕ್ಟ್ರ ಮಾರಾಯ್ತಿ, ಇಷ್ಟಕ್ಕೆ ಬರೀ ನೀರಾ?" ಅಂದವಳೇ, ನಾನು ಮಂಟಪದ ಕಡೆ ಹೋಗಿದ್ದಾಗ ಹಿತ್ತಲಿನ ಯಾವುದೋ ಸೊಪ್ಪನ್ನು ಅರೆದು, ಬಿಸಿಯಾಗಿ ಮೆತ್ತಿ, ಮೇಲೆ ಬಾಳೆನಾರು ಬಿಗಿದು ಕಳಿಸಿದಳು.

ನನ್ನ ಗಂಡ ಮತ್ತು ಅತ್ತೆ ಹೋಟೆಲಿಗೆಂದು ಮೊದಲೇ ಹೊರಟಿದ್ದರು. ಮಾರನೆಯ ದಿನ ಮಾವನವರೂ ನಾನೂ ಸೊರಬಕ್ಕೆ ಬಂದು ಶಿಕಾರಿಪುರದ ಬಸ್ಸು ಹತ್ತಿದೆವು. ಬಿಸಿಲು ಜೋರಿತ್ತು. ಮಾವನವರು ಮುಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮೊದಲು ಮಾತು ನಿಲ್ಲಿಸಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿಕೊಂಡರು. ಸ್ವಲ್ಪ ದೂರದಲ್ಲಿ ಮುಂದಕ್ಕೆ ಬಾಗಿ, ಎದುರಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ನೀರಲ್ಲಿ ಮುಳುಗಿ ಎದ್ದವರಂತೆ ಉಸಿರೆಳೆಯತೊಡಗಿದರು. ಮುಖದಲ್ಲಿ ಬೆವರು, ತುಟಿ ನೀಲಿ. ಎದೆಯೊಳಗೆ ಗೊರಗೊರ ಸದ್ದು. ಬಾಳೆನಾರು ಕಾಲಿನಲ್ಲಿ ಹೂತುಹೋಗಿತ್ತು, ಪಂಚೆಯ ಅಂಚು ತೊಯ್ದು ಕೆಳಗೆ ಹನಿಯುತ್ತಿತ್ತು.

ಬಸ್ಸಿನಲ್ಲಿದ್ದವರೆಲ್ಲ ಒಮ್ಮೆಗೇ ಎದ್ದರು. ಮಲಗಿಸಿ ಎಂದರು ಕೆಲವರು, ನೀರು ಕುಡಿಸಿ ಎಂದರು ಕೆಲವರು. ಒಬ್ಬರು ಈರುಳ್ಳಿ ಮೂಸಿಸಲು ಬಂದರು. ನಾನು ಅಡ್ಡ ನಿಂತೆ. ಮಲಗಿಸಬೇಡಿ, ಕೂತೇ ಇರಲಿ, ನೀರು ಬೇಡ ಎಂದು ಕೂಗಿದೆ. ಡಾಕ್ಟರು ಹೇಳಿದ್ದೆಲ್ಲ ಆಗ ನೆನಪಿಗೆ ಬಂತು. ಬಾಳೆನಾರನ್ನು ಹಲ್ಲಿನಿಂದ ಕಡಿದು ಬಿಚ್ಚಿದೆ. ಅಜ್ಜಿಯ ಸೊಪ್ಪಿನ ಜೊತೆಗೆ ಅಷ್ಟು ದಿನ ನಾನು ಕಾದಿದ್ದ ಗುಲಾಬಿ ಚರ್ಮವೂ ಕಿತ್ತು ಬಂತು. ಅಳು ಬಂತು, ಅದಕ್ಕೂ ಸಿಟ್ಟು ಬಂತು. ಸೆರಗು ಜಾರಿದ್ದು, ಊರವರ ಮುಂದೆ ಮಾವನ ಬೆನ್ನಿಗೆ ಭುಜ ಕೊಟ್ಟು ಕೂತದ್ದು ಯಾವುದೂ ತಲೆಗೆ ಹೋಗಲಿಲ್ಲ. ಮಾವನವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಕುಸ್ತಿಯವರ ಹಿಡಿತ. ಅದು ಸಡಿಲವಾದರೆ ಏನು ಗತಿ ಎಂದು ನಾನು ಆ ಹಿಡಿತವನ್ನೇ ನೋಡುತ್ತಿದ್ದೆ.

ಡ್ರೈವರು ನಡುವಿನ ಒಂದು ಕಡೆಯೂ ನಿಲ್ಲಿಸದೆ ಬಸ್ಸನ್ನು ನೇರವಾಗಿ ಡಾಕ್ಟರ ಮನೆಯ ಮುಂದೆ ತಂದು ನಿಲ್ಲಿಸಿದರು. ಇಳಿಯಬೇಕಾದ ಊರು ದಾಟಿಬಂದವರು ಕೂಡ ಗೊಣಗದೆ ನಮ್ಮ ಜೊತೆಗೆ ಇಳಿದು ಜಗಲಿಯ ಮೇಲೆ ಸಾಲಾಗಿ ಕೂತರು. ಡಾಕ್ಟರು ಸೂಜಿ ಚುಚ್ಚಿದರು, ಇನ್ನೊಂದು ಚುಚ್ಚಿದರು. ಈಗ ಮಾತ್ರ ನೀರು ಎದೆಗೆ ಏರದಿರಲೆಂದು ಕಾಲು ಕೆಳಗೆ ಬಿಟ್ಟೇ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಸಂಜೆಯಾಗುತ್ತ ಗೊರಗೊರ ಇಳಿಯಿತು. ತುಟಿಗೆ ಬಣ್ಣ ಬಂತು. ಡಾಕ್ಟರು ಬೈಯಲಿಲ್ಲ, ಏನೇನು ತಿಂದಿರಿ ಎಂದಷ್ಟೇ ಕೇಳಿದರು. ಮಾವನವರು ಒಂದೊಂದಾಗಿ ಹೇಳಿದರು. ಅಪ್ಪೆಹುಳಿಯ ಹೆಸರು ಬಂದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದ ಮೇಲೆ ಮಾವನವರು ಕಾಲು ಚಾಚಿ ಕೂತರು. ನಾನು ಬೋಗುಣಿ ತಂದು ಕೂತೆ. ಹುಣ್ಣು ಮತ್ತೆ ವಡೆಯಷ್ಟಾಗಿತ್ತು. ಅವರು ಈ ಸಲ ಹೆಂಚು ನೋಡಲಿಲ್ಲ.

"ಯವ್ವಾ," ಅಂದರು, "ಬಸ್ಸಿನ್ಯಾಗ ನಾ ಬಾಳ ಅಂಜಿಬಿಟ್ಟೆ."

ನಾನೂ ಅಂಜಿದ್ದೆ ಅಂದೆ. ಅಷ್ಟೇ ಮಾತು. ಎದೆಗಾರರು ಅಂಜಿದ್ದನ್ನು ಯಾರಿಗೂ ಹೇಳಬೇಡ ಎಂದೂ ಅವರು ಹೇಳಲಿಲ್ಲ. ಮರುದಿನ ಅವರೇ ಹೋಟೆಲಿನಲ್ಲಿ ಗಿರಾಕಿಗಳಿಗೆ ಹೇಳಿಕೊಂಡು ಕೂತಿದ್ದರು, ಸ್ವಲ್ಪ ಬಣ್ಣ ಹಚ್ಚಿ. ಅದರಲ್ಲಿ ಬಸ್ಸು ಹಾರಿಕೊಂಡು ಬಂದಿತ್ತು, ಯಮನೂ ಬಂದು ಟಿಕೆಟ್ ಇಲ್ಲವೆಂದು ಇಳಿದು ಹೋಗಿದ್ದ.

ಹುಣ್ಣು ಮುಚ್ಚಲು ಆ ಮಳೆಗಾಲ ಪೂರ್ತಿ ಹಿಡಿಯಿತು. ಉಪ್ಪನ್ನು ಮಾತ್ರ ಮಾವನವರು ಮತ್ತೆ ಮುಟ್ಟಲಿಲ್ಲ. ನಿಂಬೆಹಣ್ಣು, ಕಾಳುಮೆಣಸು, ಬೆಳ್ಳುಳ್ಳಿ ಹಿಡಿದು ಅತ್ತೆ ಸಾರಿಗೆ ಏನೇನೋ ಕಸರತ್ತು ಮಾಡಿದರು. ಊತ ಇಳಿದು ಕಾಲು ಒಣಗಿದ ಮೇಲೆ ಡಾಕ್ಟರು ಬೆರಳಿನಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುವುದನ್ನು ನನಗೆ ಕಲಿಸಿದರು. ಹೂವಿನ ದಂಡೆ ಕಟ್ಟುವುದಕ್ಕಿಂತ ಅದು ಕಷ್ಟವೇನಲ್ಲ. ಒಂದು ಬೆಳಿಗ್ಗೆ ಬಿಚ್ಚಿ ನೋಡಿದರೆ ಪಟ್ಟಿಯಲ್ಲಿ ಒಂದು ಕಲೆಯೂ ಇರಲಿಲ್ಲ. ಹುಣ್ಣಿದ್ದ ಕಡೆ ನುಣ್ಣಗೆ, ತೆಳ್ಳಗೆ, ಎಣ್ಣೆ ಸವರಿದಂತೆ ಮಿನುಗುವ ಚರ್ಮ. ನಾನು ಅತ್ತೆಯನ್ನು ಕೂಗಿದೆ. ಅತ್ತೆ ಬಾಗಿಲಲ್ಲೇ ನಿಂತು, ಕೀವಿಲ್ಲ ತಾನೆ ಎಂದು ಖಚಿತ ಮಾಡಿಕೊಂಡು, ಹತ್ತಿರ ಬಂದು ನೋಡಿ, ಅಡುಗೆಮನೆಗೆ ಹೋಗಿ ಪಾಯಸಕ್ಕೆ ಇಟ್ಟರು.

ಹೃದಯ ಸರಿಹೋಯಿತೆಂದಲ್ಲ. ಅದು ಹಾಗೆಲ್ಲ ಸರಿಹೋಗುವುದಿಲ್ಲ, ಹದವಾಗಿ ಇಟ್ಟುಕೊಳ್ಳಬಹುದು ಅಷ್ಟೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾವನವರು ಕೆಲವು ವರ್ಷ ಹಾಗೇ ಇದ್ದರು. ನನ್ನ ಮೊದಲ ಮಗಳನ್ನು ಎತ್ತಿ ಆಡಿಸಿದರು, ಅವಳಿಗೆ ಕುಸ್ತಿಯ ಪಟ್ಟುಗಳನ್ನೂ ಹೇಳಿಕೊಟ್ಟರು. ಬಂದಳಿಕೆಗೆ ಎತ್ತಿನ ಗಾಡಿಯಲ್ಲಿ ಕೂತು ಹೋಗಿ, ಹಾಳು ಗುಡಿಗಳ ನಡುವೆ ಮೊಮ್ಮಗಳೊಂದಿಗೆ ಮಂಡಕ್ಕಿ ತಿಂದು ಬಂದರು, ಉಪ್ಪಿಲ್ಲದ್ದು. ಒಂದು ಮಧ್ಯಾಹ್ನ ಊಟವಾದ ಮೇಲೆ ಅಡುಗೆಯವನನ್ನು ಬೈಯುತ್ತ ಬೈಯುತ್ತ ಬೆಂಚಿನ ಮೇಲೆ ಒರಗಿದವರು ಬೈಗುಳ ಪೂರ್ತಿ ಮಾಡಲಿಲ್ಲ. ಅಡುಗೆಯವನು ಉಳಿದದ್ದಕ್ಕೆ ಕಾದು ನಿಂತಿದ್ದನಂತೆ. ಆಮೇಲೆ ಅವನೇ ಎಲ್ಲರಿಗಿಂತ ಹೆಚ್ಚು ಅತ್ತ.

ಅವರು ಹೋದ ಮೇಲೆ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸತೊಡಗಿದರು. ನಾನು ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಗುಳಿ ಬಿದ್ದರೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದೆ. ಕೆಲವರು ಹೋದರು. ಕೆಲವರು, ಮೊದಲು ಕಾಫಿಪುಡಿ ಹಚ್ಚಿ ನೋಡುತ್ತೇನೆ ಅಂದರು.